ಗ್ರಂಥಿಯೊಳಗಿನ ನರ

ಬೆಳ್ಮಣ್‌ನ ಒಲಿಂಡಾ ಹತ್ತೊಂಬತ್ತು ವರ್ಷಗಳಿಂದ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಮೇಣದ ಗಟ್ಟಿಗಳನ್ನು ಕೊಯ್ಯುತ್ತಿದ್ದರು. ಮೇಣದೊಳಗೆ ಮೇಕೆಯ ಭ್ರೂಣದ ಪುಟ್ಟ ದವಡೆ ಇರುತ್ತಿತ್ತು. ಕೂದಲಿಗಿಂತ ತೆಳುವಾದ ಪದರಗಳನ್ನು ಗಾಜಿನ ಮೇಲೆ ಸಾಲಾಗಿ ಕೂರಿಸಿದರೆ, ಕೆನ್ನೆಯ ಒಳಪೊರೆ ಮೊಗ್ಗಿನಂತೆ ಉಬ್ಬಿ, ಕಿವಿಯತ್ತ ಕವಲೊಡೆಯುತ್ತಾ ಹೋಗಿ ಜೊಲ್ಲಿನ ಗ್ರಂಥಿಯಾಗುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿತ್ತು. ದಾರಿಯಲ್ಲಿ ಸಿಗುವ, ರೆಪ್ಪೆ ತುಟಿಗಳನ್ನು ಆಡಿಸುವ ಮುಖದ ನರವನ್ನು ಅದು ಬಿಟ್ಟುಹೋಗುವುದಿಲ್ಲ, ತಬ್ಬಿಕೊಂಡೇ ಬೆಳೆಯುತ್ತದೆ.

ಹಾಗಾಗಿ ಎಡಗಿವಿಯ ಕೆಳಗೆ ಗಂಟೊಂದು ಕೈಗೆ ಸಿಕ್ಕಿದ ದಿನ, ಹೆದರಬೇಕಾದದ್ದು ಯಾವುದಕ್ಕೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಉಡುಪಿಯ ಶಸ್ತ್ರವೈದ್ಯೆ ವಿಜೇತಾ ಸ್ಕ್ಯಾನ್ ನೋಡುತ್ತಿದ್ದಾಗ ಒಲಿಂಡಾ ಕೇಳಿದರು, “ಗಂಟು ನರದ ಮೇಲೆ ಉಂಟಾ, ಅಡಿಯಲ್ಲಿ ಉಂಟಾ?”

ವೈದ್ಯೆ ತಲೆಯೆತ್ತಿದರು. “ಅಡಿಯಲ್ಲಿ. ನರವನ್ನು ಎತ್ತಿ ಹಿಡಿದು ತೆಗೆಯಬೇಕು.”

“ಬಿಟ್ಟರೆ?”

“ಈಗ ಕ್ಯಾನ್ಸರ್ ಅಲ್ಲ. ಮುಂದೆ ಆಗಬಹುದು.”

“ನರವನ್ನು ಹೆಚ್ಚು ಎಳೆದರೆ ಕಣ್ಣು ಮುಚ್ಚುವುದಿಲ್ಲ, ಅಲ್ವಾ?”

“ಹೌದು. ಎಷ್ಟು ದಿನ ಅಂತ ನಾನು ಹೇಳಲಿಕ್ಕೆ ಆಗುವುದಿಲ್ಲ.”

ಶಸ್ತ್ರಚಿಕಿತ್ಸೆಯ ಹಿಂದಿನ ದಿನವೂ ಒಲಿಂಡಾ ಕೆಲಸಕ್ಕೆ ಹೋದರು. ಅಲಗಿನಡಿ ಗ್ರಂಥಿಯ ಭಾಗ ಬರುತ್ತಿದ್ದಂತೆ ಒಂದು ಪದರ ಹರಿದುಹೋಯಿತು. ಅವರ ಕೈಯಲ್ಲಿ ವರ್ಷಗಳಿಂದ ಹಾಗಾಗಿರಲಿಲ್ಲ.

ಮರುದಿನ ಶಸ್ತ್ರಚಿಕಿತ್ಸೆಗೆ ಐದು ಗಂಟೆ ಹಿಡಿಯಿತು. ಎಚ್ಚರವಾದಾಗ ವಿಜೇತಾ ಹೇಳಿದರು, “ಎರಡೂ ಕಣ್ಣು ಮುಚ್ಚಿ.”

ಒಲಿಂಡಾ ಮುಚ್ಚಿದರು. ಮುಚ್ಚಿದೆ ಎಂದೇ ಅಂದುಕೊಂಡರು. ಆದರೆ ಬಾಗಿಲಲ್ಲಿ ನಿಂತಿದ್ದ ಗಂಡ ಹೆರಾಲ್ಡ್ ಇನ್ನೂ ಕಾಣುತ್ತಿದ್ದರು. ಅವರು ಮುಖ ತಿರುಗಿಸಿದ್ದೂ ಕಂಡಿತು.

“ನರ ತುಂಡಾಗಿಲ್ಲ, ನಾನೇ ನೋಡಿದ್ದೇನೆ,” ಎಂದರು ವಿಜೇತಾ. “ಕಾಯಬೇಕು.”

ಹೆರಾಲ್ಡ್ ದಿನವೂ ಕಣ್ಣಿಗೆ ಮದ್ದು ಬಿಟ್ಟು, ಮಲಗುವ ಮುಂಚೆ ರೆಪ್ಪೆಯನ್ನು ಪಟ್ಟಿಯಿಂದ ಅಂಟಿಸುತ್ತಿದ್ದರು. ಬೆಳಿಗ್ಗೆ ಪಟ್ಟಿ ತೆಗೆದು ಕನ್ನಡಿ ಹಿಡಿಯುವುದು, ರೆಪ್ಪೆ ಇಳಿಯುತ್ತದೆಯೇ ಎಂದು ಇಬ್ಬರೂ ನೋಡುವುದು. ಒಂಬತ್ತು ವಾರ ಏನೂ ಆಗಲಿಲ್ಲ. ಒಲಿಂಡಾ ಚರ್ಚಿಗೆ ಹೋಗುವುದನ್ನೇ ಬಿಟ್ಟರು.

ಹತ್ತನೆಯ ವಾರ ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತು. ಹೆರಾಲ್ಡ್ ಕನ್ನಡಿಯನ್ನು ಮಂಚದ ಮೇಲಿಟ್ಟು ಹೊರಗೆ ಹೋಗಿ, ಬಹಳ ಹೊತ್ತು ಬಾವಿಕಟ್ಟೆಯಲ್ಲಿ ಕುಳಿತರು. ಹದಿನಾಲ್ಕನೆಯ ವಾರಕ್ಕೆ ಕಣ್ಣು ಪೂರ್ತಿ ಮುಚ್ಚಿತು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಬಂಗುಡೆ ಮೀನಿನ ಸಾರು ಉಣ್ಣುವಾಗ ಒಲಿಂಡಾರ ಎಡಗೆನ್ನೆ ಮಾತ್ರ ಬೆವರತೊಡಗಿತು.

“ಎಂತ, ಖಾರ ಜಾಸ್ತಿಯಾ?” ಹೆರಾಲ್ಡ್ ಗಾಬರಿಯಾದರು.

“ಅಲ್ಲ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಸಣ್ಣ ನರ ದಾರಿ ತಪ್ಪಿ ಬೆವರಿನ ಗ್ರಂಥಿಗೆ ಹೋಗಿದೆ, ಬಾಯಲ್ಲಿ ನೀರೂರುವಾಗ ಕೆನ್ನೆ ಬೆವರುತ್ತದೆ. ಹೀಗೆ ಆಗುವುದುಂಟು,” ಎಂದು ಕೆನ್ನೆ ಒರೆಸಿಕೊಂಡು, ಅವರು ಇನ್ನೊಂದು ಬಂಗುಡೆ ಬಡಿಸಿಕೊಂಡರು.