ಕೆಟ್ಟ ಹೆಂಡದ ವಿಲೇವಾರಿ

ಪಾನನಿರೋಧ ತೊಲಗಿ ಹೊಳೆನರಸೀಪುರದ ಹೆಂಡದಂಗಡಿ ಮತ್ತೆ ಬಾಗಿಲು ತೆರೆದಾಗ, ಅಲ್ಲಿ ರುಚಿ ನೋಡಿ ತೀರ್ಪು ಕೊಡುವವನೊಬ್ಬನಿದ್ದ. ದೇವರಿಗೆ ಕೈಮುಗಿಯದವರೂ ಅವನ ಮುಖ ನೋಡದೆ ಕುಡಿಯುತ್ತಿರಲಿಲ್ಲ. ಬೆರಳದ್ದಿ ನೆಲಕ್ಕೆ ನಾಲ್ಕು ಹನಿ ಚಿಮುಕಿಸಿ, ಒಂದು ಗುಟುಕು ಮುಕ್ಕಳಿಸಿ, ಒಂದು ಕಣ್ಣು ಮುಚ್ಚುತ್ತಿದ್ದ. ಚೆನ್ನಾಗಿದ್ದರೆ ಮಡಕೆಯನ್ನು ಗಿರಾಕಿಗಳತ್ತ ತಳ್ಳುತ್ತಿದ್ದ. ಹುಳಿ ಏರಿದ್ದರೆ, "ಕೆಟ್ಟೋಗದೆ ಕಣ್ಲಾ" ಎಂದು ತಾನೇ ತಳ ಕಾಣುವವರೆಗೆ ಕುಡಿಯುತ್ತಿದ್ದ. ಯಾಕೆಂದು ಕೇಳಿದರೆ, "ಬುಟ್ರೆ ಇನ್ಯಾವನೋ ಕುಡ್ದು ಒಟ್ಟೆ ಕೆಡುಸ್ಕತ್ತಾನೆ" ಎನ್ನುತ್ತಿದ್ದ. ಇಂಥ ಜನಸೇವೆಯನ್ನು ಓಟು ಕೇಳಲು ಬಂದವರ್ಯಾರೂ ಮಾಡಿದ್ದಿಲ್ಲ.

ಹಾಸನದಲ್ಲಿದ್ದ ಬೆಲ್ಜಿಯಂ ಪಾದ್ರಿಯೊಬ್ಬರಿಗೆ ನಾನು ಕನ್ನಡ ಹೇಳಿಕೊಡುತ್ತಿದ್ದೆ. ಈ ತೀರ್ಪುಗಾರನ ಸುದ್ದಿ ಕೇಳಿ ಅವರಿಗೆ ಹುರುಪು ಬಂತು. ತಮ್ಮೂರಿನಿಂದ ಬಂದಿದ್ದ ಕೆಂಪು ಬಿಯರಿನ ಒಂದೇ ಒಂದು ಬಾಟಲಿಯನ್ನು ಅವರು ಕ್ರಿಸ್‌ಮಸ್ಸಿಗೆಂದು ಜೋಪಾನ ಮಾಡಿದ್ದರು. ಅದನ್ನೇ ಹಿಡಿದು ನನ್ನ ಜೊತೆ ಹೆಂಡದಂಗಡಿಗೆ ಬಂದರು.

ಅವನು ಹನಿ ಚಿಮುಕಿಸಿದ, ಮುಕ್ಕಳಿಸಿದ, ಕಣ್ಣು ಮುಚ್ಚಿದ. "ಉಳಿ ಬಂದ್ಬುಟ್ಟದೆ ಸಾ."

ಪಾದ್ರಿ ಹಿಗ್ಗಿದರು. "ಹೌದು! ಮರದ ಪೀಪಾಯಿಯಲ್ಲಿ ಎರಡು ವರ್ಷ ಇಟ್ಟು ಹುಳಿ ಬರಿಸುತ್ತಾರೆ."

"ಎಲ್ಡು ವರ್ಸವಾ? ನಮ್ಮ ಈಚಲ ಎಂಡಕ್ಕೆ ಎಲ್ಡು ದಿನ ಸಾಕು."

ಪಾದ್ರಿಯನ್ನು ಮರುಕದಿಂದ ನೋಡಿ, "ಕೆಟ್ಟೋಗದೆ" ಎಂದು ಬಾಟಲಿ ಎತ್ತಿದ. ಅದನ್ನು ತಡೆಯಲು ಚಾಚಿದ ಪಾದ್ರಿಯ ಕೈ ಅರ್ಧಕ್ಕೇ ನಿಂತಿತು; ಅಷ್ಟರಲ್ಲಿ ತಳ ಕಂಡಿತ್ತು.

ಅವನು ಬಾಯಿ ಒರೆಸಿಕೊಂಡು, ತುಂಬ ಕಾಳಜಿಯಿಂದ ಕೇಳಿದ: "ಇಂತಾ ಕೆಟ್ಟಿದ್ದು ಮನೇಲಿ ಇನ್ನೇನಾರ ಮಡಗಿದ್ದೀರಾ ಸಾ?"