ಮೂವತ್ತಡಿ ಕೋಲಿನ ಆಪರೇಟರ್

ಬಳಿಚಕ್ರ ಊರಿನ ಲಾಲಪ್ಪ ನಲವತ್ತು ವರ್ಷ ಕುರಿ ಕಾಯ್ದವನು. ಹೋದ ವರ್ಷ ಇದ್ದಬದ್ದ ಕುರಿಗಳನ್ನೆಲ್ಲ ಮಾರಿ, ಊರ ಹೊರಗಿನ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಸೇರಿದ. ಅಲ್ಲಿ ಕೈಗೆ ಬಂದದ್ದು ಎಳೆದರೆ ಮೂವತ್ತಡಿ ಉದ್ದವಾಗುವ, ಹಗುರವಾದ ಪೊಳ್ಳು ಕೋಲು. ಬುಡಕ್ಕೆ ಪೈಪು ಸಿಕ್ಕಿಸಿದರೆ ತುದಿಯ ಬ್ರಶ್ಶಿನಲ್ಲಿ ನೀರು ಬರುತ್ತದೆ. ಅಂದಿನಿಂದ ಲಾಲಪ್ಪ ಆಪರೇಟರ್. ಮನೆಯಲ್ಲಿಯೂ ಆಪರೇಟರ್.

"ಆಪರೇಟರ್ ಸಾಹೇಬ್ರ, ರೊಟ್ಟಿ ಆರಾಕತ್ತಾವ ಬರ್ರಿ," ಎಂದು ಹೆಂಡತಿ ಹನುಮಮ್ಮ ಕೂಗಿದ ಮೇಲೆಯೇ ಊಟಕ್ಕೆ ಏಳುತ್ತಿದ್ದ.

ಹುದ್ದೆ ಬದಲಾಯಿತು, ಮೈ ಬದಲಾಗಲಿಲ್ಲ. ಒಂದು ಸೋಮವಾರ ಒಂದು ಸಾಲು ತೊಳೆದು ಮುಗಿಸಿ, ಕೋಲನ್ನು ನೆಲಕ್ಕೂರಿ, ಬಲಪಾದವನ್ನು ಎಡಮೊಣಕಾಲಿಗೆ ಒತ್ತಿ, ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಟ್ಟು ನಿಂತ. ಕುರಿ ಕಾಯುವವರು ದಣಿವಾರಿಸಿಕೊಳ್ಳುವುದೇ ಹಾಗೆ. ಬಿದಿರಾಗಿದ್ದರೆ ತಡೆಯುತ್ತಿತ್ತು. ಇದು ಚಟ್ಟೆಂದು ನಡುವೆ ಸೀಳಿತು.

ಇನ್ನೊಂದು ತಾಸಿಗೆ ಯಾದಗಿರಿಯಿಂದ ಸೂಪರ್‌ವೈಸರ್ ಭಗವಂತರಾಯ ಬರುವವನಿದ್ದ. ಕೋಲು ಮುರಿದವನು ಸೀದಾ ಮನೆಗೆ ಎಂದು ಅವನು ಮೊದಲ ದಿನವೇ ಹೇಳಿದ್ದ. ಮನೆಯಲ್ಲಿ ಒಂದು ಕುರಿಮರಿಯೂ ಉಳಿದಿರಲಿಲ್ಲ.

ಲಾಲಪ್ಪ ತನ್ನ ಹಿಂದೆ ಪೈಪು ಎಳೆಯುವ ಮೌನೇಶನ ಕೈ ಹಿಡಿದ. "ಮೌನೇಶಪ್ಪಾ, ಕಾಲ ಬೀಳ್ತೀನಿ, ಯಾರ ಮುಂದೂ ಹೇಳಬ್ಯಾಡೋ."

"ನಿನ್ನಿತನಕ 'ಏ ಪೈಪ್' ಅಂತಿದ್ದಿ. ಇವತ್ತ ಅಪ್ಪ ಆದ್ನೇನ್ ಮಾಮಾ?" ಎಂದ ಮೌನೇಶ. ಆದರೂ ಸೈಕಲ್ ಟ್ಯೂಬ್ ತಂದು ಬಿಗಿದು ಕಟ್ಟಿಕೊಟ್ಟ.

ಭಗವಂತರಾಯ ಬಂದ. ಲಾಲಪ್ಪ ಕೋಲೆತ್ತಿದ. ಅದು ಸೊಂಟ ಬಗ್ಗಿಸಿ, ಸಾಹೇಬರ ಪಾಲಿಶ್ ಬೂಟಿನ ಮೇಲೆ ಬ್ರಶ್ಶಿಟ್ಟು ನೀರು ಸುರಿಯಿತು. ಮೌನೇಶ ಓಡಿಹೋಗಿ ನೀರು ಬಂದ್ ಮಾಡಿದ.

"ಹೆಂಗ ಮುರೀತೋ ಇದು?"

ಲಾಲಪ್ಪ ಮಾಡಿಯೇ ತೋರಿಸಲು ಹೋದ. ಒಂಟಿಗಾಲಿನಲ್ಲಿ ನಿಂತು ಗಾಳಿಗೇ ಒರಗಿ, ಮುಗ್ಗರಿಸಿ ಕೆಸರಿಗೆ ಬಿದ್ದ. ಯಾರೂ ನಗಲಿಲ್ಲ.

"ಕುರಿ ಮಾರಿ ಬಂದೀನ್ರಿ ಸಾಹೇಬ್ರ. ಮನೀಗಿ ಕಳಸಬ್ಯಾಡ್ರಿ," ಎಂದು ಕುಳಿತಲ್ಲಿಂದಲೇ ಕೈ ಮುಗಿದ.

ಭಗವಂತರಾಯ ಬಹಳ ಹೊತ್ತು ದೂರ ನಿಂತು ಫೋನಿನಲ್ಲಿ ಮಾತಾಡಿದ. ಲಾಲಪ್ಪ ಮುಗಿದ ಕೈ ಇಳಿಸಲಿಲ್ಲ. ಕೊನೆಗೆ ಭಗವಂತರಾಯ ಬಂದು ಹೇಳಿದ: "ನಾಳಿಂದ ಹೊಸ ಕೋಲ ಮೌನೇಶ ಹಿಡೀತಾನ. ನೀ ಪೈಪ್—"

"ಎಳೀತೀನ್ರಿ!"

ಎದ್ದವನೇ ಪೈಪನ್ನು ಹೆಗಲಿಗೇರಿಸಿ, ತೊಳೆದು ಮುಗಿದಿದ್ದ ಸಾಲಿನುದ್ದಕ್ಕೂ ದರದರ ಎಳೆಯುತ್ತ ನಡೆದ.

"ಏ ಲಾಲಪ್ಪ, ನಾಳಿಂದ ಅಂದೀನೋ! ನೀರ ಬಂದ್ ಐತಿ!"

"ಇರ್ಲಿ ಬಿಡ್ರಿ," ಎಂದ ಲಾಲಪ್ಪ, ತಿರುಗಿ ನೋಡದೆ.