ಎಲ್ಲಕ್ಕಿಂತ ಎತ್ತರದ ಶನಿವಾರ

ಇವತ್ತು ಶನಿವಾರ, ನನ್ನ ಒಪ್ಪತ್ತು. ಕೊಟ್ಟಿಗೆ ಬಾಚಿ, ಬಾಗಿಲಿಗೆ ನೀರು ಹಾಕಿ, ದೇವರಿಗೆ ದೀಪ ಹಚ್ಚುವಷ್ಟರಲ್ಲಿ ಯಲಿಯೂರಿನ ನಾದಿನಿ ಫೋನು ಮಾಡಿದಳು.

"ಏನತ್ಗೆ, ಶನಿವಾರ ಬಂದ್ರೆ ನಿಮ್ಗೆ ಹಬ್ಬವಂತೆ!"

ನೋಡಿ ಸ್ನೇಹಿತರೇ, ಏಳನೇ ಕ್ಲಾಸಿನ ಮಕ್ಕಳಿಗೆ ಈಗ ವೆಬ್ ಪೇಜ್ ಮಾಡಿಸಿ ಲೆಕ್ಕ ಕಲಿಸುತ್ತಾರೆ. ನನ್ನ ಮೊಮ್ಮಗಳು ಚಂದನಾ, ಅಜ್ಜಿ ಯಾವ ದಿನ ಎಷ್ಟು ಸಲ ತಿನ್ನುತ್ತಾಳೆ ಅಂತ ಪೇಜ್ ಮಾಡಿ, ದಿನಕ್ಕೊಂದು ಕಂಬದ ಹಾಗೆ ಗ್ರಾಫ್ ನಿಲ್ಲಿಸಿದ್ದಾಳೆ. ಎಲ್ಲಕ್ಕಿಂತ ಎತ್ತರದ್ದು ಶನಿವಾರದ ಕಂಬ! ಮಿಸ್ಸು ಅದನ್ನು ಪೋಷಕರ ಗ್ರೂಪಿಗೂ ಹಾಕಿದ್ದಾರೆ, ಅಲ್ಲಿಂದ ಯಲಿಯೂರಿಗೂ ಮುಟ್ಟಿದೆ.

"ಏನೇ ಇದು, ನನ್ನ ಮಾನ ಕಳ್ದ್ಬುಟ್ಟಲ್ಲೇ!" ಅಂದೆ ಚಂದನಾಳಿಗೆ.

"ಉಪ್ಪಿಟ್ಟು, ಬಾಳೆಹಣ್ಣು, ಹಾಲು, ಅವಲಕ್ಕಿ, ಕಡ್ಲೆಕಾಯಿ... ನೀನು ತಿಂದಿದ್ದನ್ನೇ ಆಕಿವ್ನಿ ಕಣಜ್ಜಿ."

"ಮುದ್ದೆ, ಅನ್ನ ಮುಟ್ದೆ ಇದ್ಮೇಲೆ ಅದು ಊಟ ಎಂಗಾದದೇ?"

"ಅಂಗಾರೆ ಸೊನ್ನೆ ಆಕ್ಬುಡ್ಲಾ?"

"ಆಕು ಮತ್ತೆ!"

"ಮಿಸ್ಸು ಬೈತಾರೆ. ಬಾಯಿಗೆ ಬಿದ್ದಿದ್ದೆಲ್ಲಾ ಲೆಕ್ಕಕ್ಕೆ ಬರ್ಬೇಕಂತೆ."

ತಿಮ್ಮಪ್ಪನೇ ಇಷ್ಟು ವರ್ಷ ಒಪ್ಪಿಕೊಂಡ ಒಪ್ಪತ್ತನ್ನು ಮಿಸ್ಸು ಒಪ್ಪುತ್ತಿಲ್ಲ.

ಆ ಪೇಜಿನ ಕೆಳಗೆ ಅಭಿಪ್ರಾಯ ಬರೆಯಲು ಜಾಗವಿದೆ. "ಊಟಕ್ಕೆ ಕೆಂಪು, ತಿಂಡಿಗೆ ಹಸಿರು ಬಣ್ಣ ಹಾಕಿಸಿ ತಾಯಿ. ಶನಿವಾರದ ಕಂಬದಲ್ಲಿ ಒಂದು ಚೂರು ಕೆಂಪೂ ಇರುವುದಿಲ್ಲ, ಜನ ನೋಡಲಿ" ಅಂತ ಮಿಸ್ಸಿಗೆ ಬರೆದಿದ್ದೇನೆ. ಉತ್ತರ ಎಲ್ಲಿ ಬರುತ್ತದೋ ನನಗೆ ತಿಳಿಯದು. ಗ್ರೂಪಿನಲ್ಲಿರುವವರು ಯಾರಾದರೂ ನೋಡಿ ಇಲ್ಲಿಗೆ ತಂದು ಹಾಕಿ. ಮೊಮ್ಮಗಳನ್ನು ಕೇಳಿದರೆ, ಅಜ್ಜಿ ದಿನಕ್ಕೆ ಎಷ್ಟು ಸಲ ಕೇಳಿದಳು ಅಂತ ಇನ್ನೊಂದು ಕಂಬ ನಿಲ್ಲಿಸುತ್ತಾಳೆ.